ಆಣೆ ಇಲ್ಲದ ಓಟು

ಅವರ ಬಲಗೈ ಬೆರಳುಗಳು ಯಾವತ್ತೂ ಹಳದಿ. ಉಗುರಿನ ಸಂದಿಯಲ್ಲಿ, ಚರ್ಮದ ಗೆರೆಗಳಲ್ಲಿ ದೇವರ ಭಂಡಾರ, ಅಂದರೆ ಅರಿಷಿಣದ ಪುಡಿ, ಕೂತುಬಿಟ್ಟಿತ್ತು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಊಟಕ್ಕೆ ಕೂತರೆ ರೊಟ್ಟಿಯ ಅಂಚಿಗೂ ಬಣ್ಣ ಹತ್ತುತ್ತಿತ್ತು. ಅವರು ನಮ್ಮ ಬೀರಪ್ಪನ ಗುಡಿಯ ಪೂಜಾರಿ. ಇಡೀ ಊರಿಗೆ ಅಜ್ಜ, ಮುತ್ಯಾ.

ನಮ್ಮದು ಬೀಳಗಿ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಯ ಊರು. ಊರು ಹಿನ್ನೀರಿಗೆ ಹೋದ ಮೇಲೆ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಬಂದೆವು. ಸಾಮಾನೆಲ್ಲ ಟ್ರ್ಯಾಕ್ಟರಿನಲ್ಲಿ ಬಂತು. ದೇವರನ್ನು ಮಾತ್ರ ಮುತ್ಯಾ ಕಂಬಳಿಯಲ್ಲಿ ಸುತ್ತಿ, ತಲೆಯ ಮೇಲೆ ಹೊತ್ತು ನಡೆದೇ ತಂದರು. ಹೊಸ ಗುಡಿಗೆ ತಗಡಿನ ಸೂರು. ಬೇಸಿಗೆಯಲ್ಲಿ ಒಳಗೆ ನಿಲ್ಲಲಾಗುತ್ತಿರಲಿಲ್ಲ. "ಏಳಪಾ, ಬಿಸಲ ಬಂತು. ನೀರ ಹಾಕ್ತೇನಿ, ಸಿಟ್ಟ ಮಾಡ್ಕೋಬ್ಯಾಡ" ಎಂದು ದೇವರ ಜೊತೆ ಮಾತಾಡುತ್ತಲೇ ಪೂಜೆ ಮಾಡುತ್ತಿದ್ದರು. ಮನುಷ್ಯರ ಮೇಲೆ ಇಷ್ಟು ಸಮಾಧಾನ ಇರಲಿಲ್ಲ. ಚಪ್ಪಲಿ ಹಾಕಿಕೊಂಡು ಕಟ್ಟೆ ಹತ್ತಿದವರಿಗೆ ಕೋಲು ಬೀಸುತ್ತಿದ್ದರು.

ಹತ್ತನೇ ಇಯತ್ತೆ ಮುಗಿದಾಗ ಅಪ್ಪ ನನ್ನನ್ನು ಕುರಿ ಹಿಂದೆ ಕಳಿಸುವ ಮಾತಾಡಿದ್ದ. ಮುತ್ಯಾ ನಮ್ಮ ಬಾಗಿಲಿಗೆ ಬಂದು, "ಲೇ, ಕುರಿ ಕಾಯಾಕ ನಾವೆಲ್ಲಾ ಅದೇವಿ. ಓದಾಕ ಈ ಓಣ್ಯಾಗ ಇಕಿ ಒಬ್ಬಾಕಿನ ಇರೂದು" ಎಂದರು. ಅಪ್ಪ ಅವರಿಗೆ ಎದುರು ಮಾತಾಡುವವನಲ್ಲ. ನಾನು ಜಮಖಂಡಿಗೆ ಹೋದೆ. ರಜೆಗೆ ಬಂದಾಗಲೆಲ್ಲ, "ಬಾ ಡಿಗ್ರಿ, ಕುಂಡ್ರು. ಇನ್ನೂ ಪಾಸಾಗಿಲ್ಲೇನ?" ಎಂದು ಕೆಣಕುತ್ತಿದ್ದರು.

ನಮ್ಮಲ್ಲಿ ಎಂಎಲ್‌ಎ ಚುನಾವಣೆ ಬಂದರೆ ಹಿರಿಯರು ಒಬ್ಬ ಅಭ್ಯರ್ಥಿಯ ಜೊತೆ ಮಾತು ಮುಗಿಸಿ, ಓಣಿಯವರನ್ನೆಲ್ಲ ಗುಡಿಗೆ ಕರೆಸಿ ಭಂಡಾರ ಮುಟ್ಟಿಸುತ್ತಿದ್ದರು. ಮುಟ್ಟಿದರೆ ಅವನಿಗೇ ಓಟು ಎಂದು ಆಣೆ ಆದಂತೆ. ತಪ್ಪಿದರೆ ಬೀರಪ್ಪ ಬಿಡುವುದಿಲ್ಲ. ತಟ್ಟೆ ಹಿಡಿಯುತ್ತಿದ್ದವರು ಮುತ್ಯಾನೇ.

ಮಶೀನು ಬಂದ ಮೊದಲ ಚುನಾವಣೆಯಲ್ಲಿ ಅವ್ವನೂ ಮುಟ್ಟಿದ್ದಳು. ಓಟು ಹಾಕಿ ಬಂದವಳು ಮೂಲೆಗೆ ಕೂತಳು. ಅಂದಿನಿಂದ ಗುಡಿಯ ಕಡೆ ಹೋಗಲಿಲ್ಲ, ಹಣೆಗೆ ಭಂಡಾರ ಹಚ್ಚಲಿಲ್ಲ. ಎರಡು ಕುರಿಮರಿ ಸತ್ತವು. ಅವಳು ಇನ್ನೂ ಇಳಿದುಹೋದಳು. ಕೊನೆಗೆ ಮುತ್ಯಾನೇ ಮನೆಗೆ ಬಂದು ಕೇಳಿದರು.

"ನಾ ಬಟನ್ ಒತ್ತಿದ ಕೂಡಲೇ ಅದು ಕೂಂ ಅಂತ ಒದರಿತ್ರಿ ಮುತ್ಯಾ. ಮಂದಿ ಎಲ್ಲಾ ಕೇಳಿದ್ರು. ದೇವರ ನನ್ನ ಹಿಡಕೊಟ್ಟ."

"ಯಾವುದಕ್ಕ ಒತ್ತಿದಿ ಅಂತ ನನಗ ಹೇಳಬ್ಯಾಡ" ಎಂದು ಮುತ್ಯಾ ಕೈ ಎತ್ತಿದರು. ನಾನು ಅಲ್ಲೇ ಇದ್ದೆ. ಮಶೀನು ಎಲ್ಲರಿಗೂ ಹಾಗೇ ಒದರುತ್ತದೆ, ಓಟು ಬಿತ್ತು ಎಂದು ತಿಳಿಸುವ ಸಪ್ಪಳ ಅದು ಎಂದೆ. ಅವ್ವ ನಂಬಲಿಲ್ಲ. ಮುತ್ಯಾ, "ಹೌದ ಬೇ, ನನಗೂ ಒದರೇತಿ" ಎಂದ ಮೇಲೆ ಅತ್ತಳು. ಆದರೆ ಮುತ್ಯಾನ ಮುಖ ಹಗುರಾಗಲಿಲ್ಲ. ಹೊರಗೆ ಬಂದು, "ನನ್ನ ಕೈಯಾಗಿನ ತಾಟ ನೋಡಿ ಅಂಜ್ಯಾಳ. ದೇವರಿಗಲ್ಲ" ಎಂದರು.

ಮುಂದಿನ ಚುನಾವಣೆ ಬಂದಾಗ ನಾನು ಬಿ.ಎ. ಕೊನೆಯ ವರ್ಷ. ನನ್ನ ಮೊದಲ ಓಟು. ಮುತ್ಯಾ ನನ್ನನ್ನು ಕೂರಿಸಿಕೊಂಡು ಎಣಿಕೆ ಹೇಗೆ ಎಂದು ಕೇಳಿದರು.

"ಮೊದಲ ಚೀಟಿ ಎಲ್ಲಾ ಕಲಸಿ ಎಣಿಸತಿದ್ರು ಮುತ್ಯಾ. ಈಗ ಬೂತಿಂದ ಬೂತಿಗೆ ಬ್ಯಾರೆ. ನಮ್ಮ ಓಣಿ ಯಾರಿಗೆ ಎಷ್ಟ ಹಾಕ್ತು ಅಂತ ಅವತ್ತ ಗೊತ್ತಾಕ್ಕೈತಿ."

"ಹಂಗಾದ್ರ ಪರದೆ ಯಾಕ ಕಟ್ಟತಾರ?" ಎಂದರು. "ಇರಲಿ, ಓಟ ಕೇಳಾಕ ಬರ್ತಾರಲ, ಅವರನ್ನ ಕೇಳೂನು" ಎಂದರು.

ಮೊದಲು ಬಂದದ್ದು ಎದುರಾಳಿ ಪಕ್ಷದ ಅಭ್ಯರ್ಥಿ. ಮುತ್ಯಾ ಕಟ್ಟೆಯ ಮೇಲೆಯೇ ಎರಡು ಮಾತು ಕೇಳಿದರು. ಆಣೆ ಬೇಡ ಅಂತೀರೋ ಇಲ್ಲವೋ? ಎಣಿಕೆ ಕಲಸಿ ಮಾಡಬೇಕು ಅಂತ ವಿಧಾನಸೌಧದಾಗ ಹೇಳ್ತೀರೋ ಇಲ್ಲವೋ?

"ಆಣಿ ತಪ್ಪ ಮುತ್ಯಾ, ಮೈಕಿನ್ಯಾಗ ಹೇಳ್ತೇನಿ" ಎಂದರು ಅವರು. ಹೇಳಿದರು ಕೂಡ. ಎಣಿಕೆಯ ಮಾತಿಗೆ ಮಾತ್ರ ನಕ್ಕರು. "ಅದು ಹಂಗ ಇರಲಿ ಬಿಡ್ರಿ. ನಮ್ಮವರು ಯಾರು, ಯಾರಲ್ಲ ಅಂತ ನಮಗೂ ತಿಳೀಬೇಕಲ."

ಎರಡು ದಿನದ ಮೇಲೆ ಹಾಲಿ ಶಾಸಕರು ಬಂದರು. ಓಣಿಯ ಹಿರಿಯ ಅಷ್ಟರಲ್ಲಿ ಮಾತು ಮುಗಿಸಿದ್ದ: ಗುಡಿಗೆ ಸ್ಲ್ಯಾಬು, ಓಣಿಗೆ ನೀರಿನ ಪೈಪು, ಬದಲಿಗೆ ಎಲ್ಲರ ಆಣೆ. ಜನ ಸಾಲಾಗಿ ನಿಂತಿದ್ದರು. ಅವ್ವ ನನ್ನ ಮುಂದೆ ಇದ್ದಳು, ಸೆರಗನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಮುತ್ಯಾ ಅದೇ ಎರಡು ಮಾತು ಕೇಳಿದರು.

"ಎಣಿಕಿ ಕೂಡಿಸೇ ಮಾಡಬೇಕು. ಅದು ಸುಧಾರಣಾ. ಖರೇನ ನಾ ಮಾತಾಡ್ತೇನಿ" ಎಂದರು ಶಾಸಕರು. "ಆಣಿ ಅಂದ್ರ ನಿಮ್ಮ ಭಕ್ತಿ. ಅದನ್ನ ನಾ ಹೆಂಗ ಬ್ಯಾಡ ಅನ್ಲಿ?"

ಮುತ್ಯಾ ತಟ್ಟೆಗೆ ಭಂಡಾರ ಸುರಿದರು. ಹಿರಿಯ ಮೊದಲನೆಯವನಾಗಿ ಕೈ ಚಾಚಿದ. ಮುತ್ಯಾ ಅವನನ್ನು ದಾಟಿ ಹೋಗಿ ತಟ್ಟೆಯನ್ನು ಶಾಸಕರ ಎದೆಯ ಮಟ್ಟಕ್ಕೆ ಹಿಡಿದರು.

"ಮೊದಲ ನೀವ ಮುಟ್ರಿ ಸಾಹೇಬ್ರ. ಈ ಓಣಿ ಯಾರಿಗರೆ ಹಾಕಲಿ, ನೀರ ಕೊಡ್ತೇನಿ ಅಂತ."

ಶಾಸಕರ ನಗು ಹಾಗೇ ಇತ್ತು, ಕೈ ಮೇಲೇಳಲಿಲ್ಲ. ಹಿಂದೆ ನಿಂತಿದ್ದ ಅವರ ಹುಡುಗರು ಒಂದು ಹೆಜ್ಜೆ ಮುಂದೆ ಬಂದರು. ತಗಡು ಬಿಸಿಲಿಗೆ ಟಣ್ ಎನ್ನುವುದು ಕೇಳುತ್ತಿತ್ತು. "ಲೇ ಮುದುಕಾ, ತಲಿ ತಿರಗೇತೇನ?" ಎಂದು ಹಿರಿಯ ತೋಳು ಹಿಡಿದ. ತಟ್ಟೆ ಅಲುಗಿತು, ಒಂದಷ್ಟು ಪುಡಿ ಶಾಸಕರ ಬಿಳಿ ಅಂಗಿಯ ಮೇಲೆ ಬಿತ್ತು. ಅವರು ಅದನ್ನು ಕೊಡವಿಕೊಳ್ಳಲಿಲ್ಲ. ದೇವರ ಭಂಡಾರ ಕೊಡವಿದರೆ ಅಲ್ಲಿದ್ದ ಅಷ್ಟೂ ಓಟು ಹೋಗುತ್ತಿದ್ದವು. "ಹಿರ್ಯಾರು, ಬಿಡ್ರಿ" ಎಂದು ಜೀಪು ಹತ್ತಿದರು.

ಮುತ್ಯಾ ಭಂಡಾರವನ್ನು ಮತ್ತೆ ಚೀಲಕ್ಕೆ ಸುರಿದು ಬಾಯಿ ಕಟ್ಟಿದರು. "ನೀರ ಕೊಡಾವ ಮುಟ್ಟಲಿಲ್ಲ. ನೀವೂ ಮುಟ್ಟಬ್ಯಾಡ್ರಿ. ಹಿಂದ ಮುಟ್ಟಿದ ಆಣಿ ನಾ ತಗೊಂಡೇನಿ, ನನ್ನ ತಲಿ ಮ್ಯಾಲ ಇರಲಿ. ಹೋಗ್ರಿ ಮನಿಗೆ."

ಓಟಿನ ದಿನ ಅವ್ವ ಸೀರೆ ಬದಲಿಸಿ, ಹಣೆಗೆ ಭಂಡಾರ ಹಚ್ಚಿಕೊಂಡು ಬಂದಳು. ಮಶೀನು ಒದರಿತು. ಹೊರಗೆ ಬಂದವಳು ನನ್ನನ್ನು ನೋಡಿ, "ಒದರ್ಲಿ ತಗೊ" ಎಂದಳು.

ಶಾಸಕರೇ ಗೆದ್ದರು. ನಮ್ಮ ಬೂತು ಮಾತ್ರ ಅರ್ಧಕ್ಕರ್ಧ ಒಡೆದಿತ್ತು, ಸಂಜೆಯೊಳಗೆ ಎಲ್ಲರಿಗೂ ಗೊತ್ತಾಯಿತು. ಪೈಪು ಪಕ್ಕದ ಪುನರ್ವಸತಿ ಕೇಂದ್ರದವರೆಗೆ ಬಂದು ನಿಂತಿತು. ಎಣಿಕೆಯ ಬಗ್ಗೆ ಶಾಸಕರು ಎಲ್ಲಾದರೂ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಗುಡಿಗೆ ತಗಡೇ ಉಳಿಯಿತು. ಹಿರಿಯರು ಕೂಡಿ ಪೂಜೆಯನ್ನು ಮುತ್ಯಾನಿಂದ ಬಿಡಿಸಿ ಅವರ ತಮ್ಮನ ಮಗನಿಗೆ ಕೊಟ್ಟರು. ನೀರು ಹೊರುವ ಹೆಂಗಸರು ಕೆಲವರು ಮುತ್ಯಾನ ಮನೆಯ ಮುಂದೆ ಕೊಡ ಕುಕ್ಕಿ, "ಮುತ್ಯಾನ ನೀರ ಬಂತೇನ ನೋಡ್ರಿ" ಎನ್ನುತ್ತಿದ್ದರು. ಅವರು ತಿರುಗಿ ಬೈಯಲಿಲ್ಲ. ಒಂದು ಸಲ ಹಿನ್ನೀರಿನ ಅಂಚಿನಲ್ಲಿ ಕುರಿ ಬಿಟ್ಟುಕೊಂಡು ಕೂತಿದ್ದಾಗ, "ನಾ ತಪ್ಪ ಮಾಡಿದ್ನೇನ ಡಿಗ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ನಿನಗ ಕೊಡಾ ಹೊರೂದಿಲ್ಲಲ" ಎಂದರು.

ಹಿಂದೆಯೇ, ಅವತ್ತು ನೀವು ಯಾರಿಗೆ ಹಾಕಿದಿರಿ ಎಂದು ಕೇಳಿಬಿಟ್ಟೆ. ಕೋಲು ಎತ್ತಿದರು. "ಇಷ್ಟ ಓದಿ ಇದನ್ನ ಕಲತಿ?"

ಅವರು ತೀರಿಕೊಂಡಾಗ ನಾನು ಮಹಾಲಿಂಗಪುರದಲ್ಲಿ ನೌಕರಿಯಲ್ಲಿದ್ದೆ. ಮತ್ತೊಂದು ಚುನಾವಣೆ ಹತ್ತಿರ ಇತ್ತು, ಹಾಗಾಗಿ ಮಣ್ಣಿಗೆ ಎರಡೂ ಪಕ್ಷದವರು ಹಾರ ತಂದಿದ್ದರು. "ಮುತ್ಯಾ ಮೊದಲಿಂದ ನಮ್ಮ ಪಕ್ಷದಾಂವ" ಎಂದರು ಇವರು. "ನಿಮ್ಮಾವ ಹೆಂಗಾಕ್ಕಾನ?" ಎಂದರು ಅವರು. ದನಿ ಏರಿತು. ಮುಪ್ಪಾಗಿದ್ದ ಹಿರಿಯ ನನ್ನ ಕಡೆ ತಿರುಗಿದ.

"ನಿನಗ ಹೇಳಿರಬೇಕಲ ತಂಗಿ. ಮಗಳಗತೆ ಇದ್ದಿ. ಅವತ್ತ ಅಂವ ಯಾರಿಗೆ ಹಾಕಿದ್ದ?"

"ನನಗ ಹೇಳಿಲ್ರಿ ಕಾಕಾ" ಎಂದೆ. "ನಾನೂ ಅವರಿಗೆ ಹೇಳಿಲ್ಲ."