ಫರ್ಸಿ ಕಲ್ಲಿನ ಎಲೆ

ಹಾನಗಲ್ ತಾಲೂಕಿನ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ತಪ್ಪು ಒಪ್ಪಿಕೊಳ್ಳುವುದೊಂದು ಮಾತ್ರ ನಾನು ಕಲಿಯದ ವಿದ್ಯೆ. ಈ ಕಲ್ಲಿನ ವಿಷಯ ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಹತ್ತನೇ ತರಗತಿಗೆ ಜೀವವಿಕಾಸದ ಪಾಠ ನಡೆದಿತ್ತು. ಅಕ್ಕಿಆಲೂರಿನಲ್ಲಿ ಗೆಳೆಯನೊಬ್ಬ ಮನೆ ಕಟ್ಟಿಸುತ್ತಿದ್ದ. ಅಲ್ಲಿ ಬಿದ್ದಿದ್ದ, ನೆಲಕ್ಕೆ ಹಾಸುವ ಶಹಾಬಾದ್ ಫರ್ಸಿಯ ತುಂಡೊಂದರ ಮೇಲೆ ಜರೀಗಿಡದ ಎಲೆಯಂಥ ಕಪ್ಪು ಚಿತ್ರ ಕಂಡಿತು. ಪಳೆಯುಳಿಕೆಯೇ ಸಿಕ್ಕಿತೆಂದು ಹಿಗ್ಗಿ ತರಗತಿಗೆ ಒಯ್ದು ತೋರಿಸಿದೆ.

ಮರುದಿನ ಒಬ್ಬ ಹುಡುಗಿ ಎದ್ದು ನಿಂತಳು. ಅವಳಪ್ಪ ಫರ್ಸಿ ಹಾಸುವ ಗೌಂಡಿ. ಹಾಸುವ ಮುಂಚೆ ಪ್ರತಿ ಕಲ್ಲಿಗೂ ನೀರು ಸುರಿದು, ಅದು ಆರುವಾಗ ಬಿರುಕಿನ ಗೆರೆ ಉಳಿಯುತ್ತದೆಯೇ ಎಂದು ನೋಡುವವರು.

"ಅದು ಎಲಿ ಅಲ್ಲಂತ್ರಿ ಸರ್. ಬಿರುಕಿನ್ಯಾಗ ನೀರು ಇಳದು ಮೂಡಿದ ಕಲೆ ಅಂತ ನಮ್ಮಪ್ಪ ಹೇಳ್ಯಾನ್ರಿ."

"ನಿಮ್ಮಪ್ಪ ಫರ್ಸಿ ಹಾಸ್ತಾನೋ, ವಿಜ್ಞಾನ ಕಲಿಸ್ತಾನೋ?" ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವಳು ತಲೆ ತಗ್ಗಿಸಿ ಕೂತಳು.

ವಿಜ್ಞಾನ ಪ್ರದರ್ಶನದ ದಿನ ಬೆಳಿಗ್ಗೆ ಕಲ್ಲಿನ ಪಕ್ಕಕ್ಕೊಂದು ಚಾರ್ಟ್ ಬರೆಯುತ್ತಿದ್ದೆ. ತಳದ ಪದರದಲ್ಲಿ ಹಳೆಯ ಜೀವಿಗಳು, ಮೇಲೆ ಬಂದಂತೆ ಮೀನು, ಜರೀಗಿಡ, ದೈತ್ಯ ಹಲ್ಲಿಗಳು. ಒಂದು ಜೀವಿಯ ಗುರುತು ನಿಂತುಹೋದ ಪದರದಲ್ಲಿ ಆ ವಂಶವೇ ಮುಗಿಯಿತೆಂದು ಅರ್ಥ. ಕಲ್ಲಿನ ವಯಸ್ಸನ್ನೂ ಬರೆಯೋಣವೆಂದು ಪುಸ್ತಕ ತೆರೆದೆ. ಭೂಮಿಯ ಮೇಲೆ ಮೊದಲ ಜರೀಗಿಡ ಹುಟ್ಟುವ ಎಷ್ಟೋ ಮುಂಚೆಯೇ ಈ ಕಲ್ಲು ಆಗಿತ್ತು. ಇನ್ನೂ ಹುಟ್ಟದ ಎಲೆ ಅದರೊಳಗೆ ಹೇಗೆ ಬಂದೀತು? ವರ್ಷಗಟ್ಟಲೆ ನಾನೇ ಹೇಳಿಕೊಟ್ಟ ಪಾಠ ಇದು. ಆದರೆ ಅತಿಥಿಗಳು ಬರುವ ಹೊತ್ತಾಗಿತ್ತು. ಕಲ್ಲನ್ನು ತೆಗೆಯಲಿಲ್ಲ.

ವಿವರಿಸಲು ನಿಂತಿದ್ದವಳು ಅದೇ ಹುಡುಗಿ. ಕೈಗೆ ಮೆತ್ತಿದ ಸಿಮೆಂಟು ತೊಳೆದುಕೊಂಡು ಅವಳಪ್ಪನೂ ಬಂದರು.

"ಇದು ಎಲಿ ಪಳೆಯುಳಿಕೆರಿ," ಎಂದಳು ಅವಳು ಅತಿಥಿಗಳಿಗೆ. "ನಮ್ಮಪ್ಪ ಕಲೆ ಅಂದಿದ್ದ. ಅವಗ ಗೊತ್ತಿರ್ಲಿಲ್ರಿ."

ಅವಳಪ್ಪ ಹೆಬ್ಬೆರಳಿನಿಂದ ಕಲ್ಲನ್ನು ಒಮ್ಮೆ ಸವರಿ ನನ್ನತ್ತ ನೋಡಿದರು. "ಹೌದ್ರಿ ಸರ್, ನಮಗೇನ ತಿಳೀತೈತ್ರಿ," ಎಂದು ನಕ್ಕರು. ನಾನು ತಲೆಯಾಡಿಸಿದೆ. ಹೌದೆನ್ನುವಂತೆ ತಲೆಯಾಡಿಸಿಬಿಟ್ಟೆ.

ಸೋಮವಾರ ತರಗತಿಯಲ್ಲಿ ಎಲ್ಲವನ್ನೂ ಹೇಳಿದೆ. ಪ್ರದರ್ಶನದ ದಿನವೇ ನನಗೆ ಗೊತ್ತಿತ್ತು ಎಂಬುದನ್ನೂ ಮುಚ್ಚಿಡಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು.

ಅವಳು ಎದ್ದಳು. "ನಮ್ಮಪ್ಪ ಬಂದಾಗ ಯಾಕ ಹೇಳಲಿಲ್ರಿ ಸರ್?"

ಬೆಲ್ ಆಗಲು ಇನ್ನೂ ಇಪ್ಪತ್ತು ನಿಮಿಷ ಇತ್ತು.