ಕಿಟಕಿಯೊಳಗಿನ ಬಿಸಿಲು

ಅಲ್ ಗುಬ್ರಾದ ನಮ್ಮ ಫ್ಲಾಟಿನ ಕಿಟಕಿಯ ದಂಡೆಯ ಮೇಲೆ, ಉಪ್ಪಿನಕಾಯಿಯ ವಾಸನೆ ಇನ್ನೂ ಪೂರ್ತಿ ಬಿಡದ ಒಂದು ಅಗಲ ಬಾಯಿಯ ಗಾಜಿನ ಜಾಡಿ ಇದೆ. ಈಗ ಅದರಲ್ಲಿರುವುದು ಬರೀ ನೀರು. ಆದರೆ ಮಿತ್ರರೇ, ಆ ನೀರು ಎರಡು ಹಗಲು ನೀಲಿಯಾಗಿಯೇ ಕುಳಿತು ನನ್ನ ಹದಿನೆಂಟು ವರ್ಷಗಳ ವಿದ್ವತ್ತನ್ನು ಅಣಕಿಸಿದ ಸಂಗತಿಯನ್ನು ನಿಮ್ಮಲ್ಲಿ ಹೇಳಿಕೊಳ್ಳದೆ ನನಗೆ ಸಮಾಧಾನವಿಲ್ಲ.

ನನ್ನ ಕಸುಬು ಕೊಳೆನೀರು. ಅಲ್ ಖುವೈರ್‌ನ ಕಚೇರಿಯೊಂದರಲ್ಲಿ ಕುಳಿತು, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳು ಚೆಲ್ಲುವ ನೀರಿನಿಂದ ಬಣ್ಣ ಬಿಡಿಸುವುದು ಹೇಗೆಂದು ವರದಿ ಬರೆಯುತ್ತೇನೆ. ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿಪುಡಿಯನ್ನು ಆ ನೀರಿಗೆ ಕದಡಿ ಬಿಸಿಲಿಗಿಟ್ಟರೆ, ಬಿಸಿಲಿನೊಳಗೆ ಕಣ್ಣಿಗೆ ಕಾಣದೆ ಅಡಗಿರುವ ನೇರಳಾತೀತ ಕಿರಣ ಪುಡಿಯನ್ನು ಕೆರಳಿಸುತ್ತದೆ, ಕೆರಳಿದ ಪುಡಿ ಬಣ್ಣದ ಅಣುಗಳನ್ನು ಚೂರುಚೂರು ಮಾಡುತ್ತದೆ, ತಾನು ಮಾತ್ರ ಸವೆಯದೆ ಮತ್ತೊಂದು ಜಗಳಕ್ಕೆ ಸಿದ್ಧವಾಗಿ ನಿಲ್ಲುತ್ತದೆ. ಕುಡಿಯುವ ನೀರನ್ನು ಕಡಲಿನಿಂದ ಉಪ್ಪು ಬಿಡಿಸಿ ತರುವ ಈ ಅರಬ್ ಊರಿನಲ್ಲಿ, ಮೈಲಿಗೆಯಾದ ನೀರನ್ನು ಬಿಸಿಲಿನಿಂದಲೇ ಮಡಿ ಮಾಡುವುದಕ್ಕಿಂತ ಪುಣ್ಯದ ಕೆಲಸ ಯಾವುದಿದೆ? ಹೀಗೆಂದು ನಾನು ಮದುವೆಯ ಊಟದ ಪಂಕ್ತಿಯಲ್ಲೂ ಭಾಷಣ ಬಿಗಿದದ್ದುಂಟು.

ಎಂಟನೆಯ ತರಗತಿಯ ನನ್ನ ಮಗಳು ಶ್ರಾವ್ಯ ಆ ಭಾಷಣಗಳನ್ನು ನಂಬಿದ ಏಕೈಕ ಶ್ರೋತೃ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಗೆಳತಿಯರೆಲ್ಲ ಜ್ವಾಲಾಮುಖಿ ಕಟ್ಟುತ್ತಿದ್ದರೆ, ಇವಳು ತರಗತಿಯಲ್ಲಿ ಎದ್ದುನಿಂತು, "ಮೈ ಪಪ್ಪ ಕ್ಯಾನ್ ಮೇಕ್ ಕಲರ್ ಡಿಸಪಿಯರ್" ಎಂದು ಸಾರಿ ಬಂದಿದ್ದಳು. ಮೀನಿನ ತೊಟ್ಟಿಗೆ ಹಾಕುವ ನೀಲಿ ಔಷಧದ ಎರಡು ಹನಿ, ಪ್ರಯೋಗಾಲಯದಿಂದ ತಂದ ಚಿಟಿಕೆ ಪುಡಿ, ಜಾಡಿ ತುಂಬ ನೀರು. ಗುರುವಾರ ಬೆಳಗ್ಗೆ ಅದನ್ನು ಕಿಟಕಿಯಲ್ಲಿಟ್ಟು, ಸಂಜೆಯೊಳಗೆ ತಿಳಿಯಾಗುತ್ತದೆ ಎಂದೆ, ಮುಹೂರ್ತ ಇಟ್ಟುಕೊಟ್ಟ ಜೋಯಿಸರ ಗತ್ತಿನಲ್ಲಿ.

ಆಗಲಿಲ್ಲ. ಪುಡಿ ಹೆಚ್ಚಿಸಿದೆ, ತಗ್ಗಿಸಿದೆ, ರಜೆಯ ಶುಕ್ರವಾರವಿಡೀ ಗಳಿಗೆಗೊಮ್ಮೆ ಕದಡಿದೆ. ಶನಿವಾರ ಬೆಳಗ್ಗೆಯೂ ಅದೇ ನೀಲಿ. ಭಾನುವಾರ ಪ್ರದರ್ಶನ. ಔಷಧದಂಗಡಿಯವನನ್ನು ಬೈದೆ, ಪುಡಿ ಮಾರಿದ ಕಂಪನಿಯನ್ನು ಬೈದೆ. ಮಗಳು ಮಾತ್ರ ನನ್ನನ್ನು ಬೈಯಲಿಲ್ಲ.

"ಇಟ್ಸ್ ಓಕೆ ಪಪ್ಪ. ಯು ವರ್ ಬ್ಯುಸಿ ಅಂತ ಹೇಳ್ತೇನೆ," ಎಂದಳು. ನನ್ನ ಮಾನ ಕಾಯಲು ಹದಿಮೂರರ ಹುಡುಗಿ ಸುಳ್ಳು ಹೇಳಲು ಹೊರಟಿದ್ದಾಳಲ್ಲ ಎಂದು ನಿಜಕ್ಕೂ ಅಳು ಬಂತು.

ಆ ಹೊತ್ತಿಗೆ ಸಾಬಕ್ಕಿ ಸಂಡಿಗೆಯ ತಟ್ಟೆ ಹಿಡಿದು ತಾರಸಿಗೆ ಹೊರಟಿದ್ದ ಹೆಂಡತಿ ಶೈಲಜಾ, ಉಡುಪಿ ಕಡೆಯವಳು, ಬಾಗಿಲಲ್ಲೇ ನಿಂತಳು.

"ಅಲ್ಲ ಮಾರಾಯ್ರೆ, ಈ ಕಿಟಕಿಯಲ್ಲಿ ನನ್ನ ಸಂಡಿಗೆಯೇ ಒಣಗುದಿಲ್ಲ, ನಿಮ್ಮ ನೀರು ಎಂತ ಆಗ್ತದೆ? ಆ ಕಪ್ಪು ಫಿಲ್ಮ್ ಹಾಕಿಸಿದ್ದು ನೀವೇ ಅಲ್ವಾ?"

ಅಯ್ಯೋ! ಎರಡು ವರ್ಷದ ಹಿಂದೆ, ಹೊಸ ಸೋಫಾದ ಬಣ್ಣ ಮಾಸಬಾರದೆಂದು, ನೇರಳಾತೀತ ಕಿರಣ ಒಂದಿಷ್ಟೂ ನುಸುಳದ ಫಿಲ್ಮೇ ಬೇಕೆಂದು ಹಟ ಹಿಡಿದು ಗಾಜಿಗೆ ಹಾಕಿಸಿದವನು ನಾನೇ. ಅಂಟಿಸಿದ ಕೆಲಸದವನು "ಖಲಾಸ್ ಸಾಬ್, ಅಬ್ ಧೂಪ್ ನಹೀ ಆಯೇಗಾ" ಎಂದು, ಇನ್ನು ಬಿಸಿಲು ಬಾರದೆಂಬ ಅಭಯವನ್ನೂ ಕೊಟ್ಟಿದ್ದ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಾನಿಯೊಳಗೆ ಬಿತ್ತಂತೆ! ಕಪ್ಪು ಗಾಜಿನ ಮನೆಯಿಂದ ಕಪ್ಪು ಗಾಜಿನ ಕಾರಿಗೆ, ಅಲ್ಲಿಂದ ಕಪ್ಪು ಗಾಜಿನ ಕಚೇರಿಗೆ ಹೋಗಿ ಬಿಸಿಲಿನ ಮಹಿಮೆ ಬರೆದು, ರಾತ್ರಿ ಊಟವಾದ ಮೇಲೆ ವಿಟಮಿನ್ ಡಿ ಮಾತ್ರೆ ನುಂಗುವ ಪಂಡಿತ ನಾನು. ಬಿಸಿಲನ್ನೇ ನಂಬಿ ಹೊಟ್ಟೆ ಹೊರೆಯುವವನು ಕೊನೆಯ ಸಲ ಬಿಸಿಲಿಗೆ ನಿಂತದ್ದು ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ತಾರಸಿಯಲ್ಲಿ ಸಂಡಿಗೆಯ ಪಕ್ಕದಲ್ಲೇ ಜಾಡಿಗೂ ಜಾಗ ಸಿಕ್ಕಿತು. ಮೂವರೂ ಸರದಿಯ ಮೇಲೆ ಕದಡಿದೆವು. ಶ್ರಾವ್ಯ ನೀರಿಗೇ "ಯಲ್ಲಾ, ಯಲ್ಲಾ" ಎಂದು ಅವಸರ ಮಾಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೀಲಿ ತೆಳುವಾಗಿ, ಸಂಡಿಗೆ ಮಗುಚುವಷ್ಟರಲ್ಲಿ ಅಕ್ಕಿ ತೊಳೆದ ನೀರಿನಂತಾಯಿತು. ಪುಡಿ ತಳಕ್ಕಿಳಿದ ಮೇಲೆ ಅದು ಬರೀ ನೀರು. ನನ್ನ ಬೋಳುತಲೆ ಮಾತ್ರ ಕೆಂಪಾಗಿತ್ತು.

ಪ್ರದರ್ಶನದಲ್ಲಿ ಮಗಳು ಸುಳ್ಳು ಹೇಳಲಿಲ್ಲ. ಅವಳ ಚಾರ್ಟಿನಲ್ಲಿ, ಪ್ರಯೋಗ ಮೊದಲು ಕೆಟ್ಟದ್ದೇಕೆ ಎಂಬ ಅಂಕಣದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆದಿತ್ತು: "ಪಪ್ಪ ನೆವರ್ ಗೋಸ್ ಔಟ್." ಬಂದವರೆಲ್ಲ ಅದನ್ನು ಓದಿ, ಪಕ್ಕದಲ್ಲಿ ನಿಂತಿದ್ದ ನನ್ನತ್ತ ನೋಡಿ ನಕ್ಕರು. ನಾನೂ ನಕ್ಕೆ, ಏನು ಮಾಡಲಿ, ಅಷ್ಟು ನಿಖರವಾದ ವರದಿಯನ್ನು ನಾನು ಒಮ್ಮೆಯೂ ಬರೆದವನಲ್ಲ.

ಜಾಡಿ ಈಗ ಮತ್ತೆ ಅದೇ ದಂಡೆಯ ಮೇಲಿದೆ. ಅದರ ಹಿಂದಿನ ಫಿಲ್ಮನ್ನು ಅಂಗೈಯಗಲ ಉಗುರಿನಿಂದ ಕಿತ್ತು ಹಾಕಿದ್ದೇನೆ. ಅಲ್ಲಿಂದ ಒಳಬರುವ ಬಿಸಿಲಿನಲ್ಲಿ ಮಗಳು ಕುಳಿತು ಓದುತ್ತಾಳೆ. ಸೋಫಾದ ಆ ತುದಿ ಮಾಸತೊಡಗಿದೆ. ಮಾಸಲಿ ಬಿಡಿ.