ಹುಳ ಸುಡದ ದೀಪ

ಕಲ್ಲೋಳಿಯ ಪದ್ಮವ್ವನಿಗೆ ಚಿಮಣಿ ಕಂಡರೆ ಆಗುತ್ತಿರಲಿಲ್ಲ. ತೋಟದ ಮನೆಗೆ ಕರೆಂಟಿನ ತಂತಿ ಬಂದಿರಲಿಲ್ಲ, ಸೀಮೆಎಣ್ಣೆಯೇ ಗತಿ. ಹಚ್ಚಿದ್ದೇ ತಡ, ಹುಳಗಳು ಹಾರಿ ಬಂದು ಚಟಚಟ ಸುಟ್ಟು ಬೀಳುವವು. ಸೋಸದೆ ಹನಿ ನೀರು ಕುಡಿಯದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆಯ ಹೆಂಗಸು ಅದನ್ನು ಹೇಗೆ ನೋಡಿಯಾಳು? ಉಫ್ ಎಂದು ಆರಿಸಿ ಕತ್ತಲಲ್ಲೇ ಕೂತುಬಿಡುವಳು.

ಆದರೆ ಗಂಡ ವರ್ಧಮಾನ ಅವಳಿಗೆ ಪುರಾಣ ಓದಿ ಹೇಳುವ ಹೊತ್ತೂ ಅದೇ. ಹಗಲು ಓದಬಾರದೇ ಎಂದೀರಿ. ಹಗಲಿಡೀ ದುಡಿಸುವ ಕಬ್ಬು ಕೇಳಬೇಕಲ್ಲ! ಪದ್ಮವ್ವನಿಗೆ ಅಕ್ಷರ ಬಾರದು, ಮದುವೆಯಾದಾಗಿನಿಂದ ಕೇಳಿದ ಕಥೆಯೆಲ್ಲ ಅವನ ಬಾಯಿಂದಲೇ. ಅಂಥವನ ಕಣ್ಣೊಳಗೆ ಒತ್ತಡ ಏರಿ ನೋಟ ಅಂಚಿನಿಂದ ಸವೆಯುತ್ತ ಬಂತು. "ಹೋದದ್ದು ತಿರುಗಿ ಬರೂದಿಲ್ಲ. ಇದ್ದದ್ದೂ ಬಾಳ ದಿನಾ ಉಳಿಯೂದಿಲ್ಲ," ಎಂದರು ಬೆಳಗಾವಿಯ ಡಾಕ್ಟರು. ಪುರಾಣ ಅರ್ಧಕ್ಕೇ ನಿಂತಿತ್ತು.

"ಕಣ್ಣಿರೂತನಾ ಓದಿ ಹೇಳ್ರಿ. ನನಗ ಮತ್ತೇನೂ ಬ್ಯಾಡ," ಎಂದಳು ಪದ್ಮವ್ವ.

ಗೋಕಾಕದಿಂದ ಸೋಲಾರ್ ಕೂಡಿಸುವ ಫಯಾಜ ಬಂದ. ಮಗ ನಿತಿನನಿಗೆ ಟಿ.ವಿ. ನಡೆಯುವಂಥ ದೊಡ್ಡ ಪ್ಲೇಟು, ಜೋಡು ಬ್ಯಾಟರಿಯ ಆಸೆ. ಪದ್ಮವ್ವ ಕೇಳಿದ್ದು ಒಂದೇ: "ತಮ್ಮಾ, ಇದಕ್ಕ ಬಡದು ಹುಳ ಸಾಯ್ತಾವೇನು?"

"ಉರಿನ ಇಲ್ಲಲ್ರಿ ಅವ್ವಾರ, ಸುಡಾಕ! ಬಂದು ಬಡೀತಾವು, ಹೋಗ್ತಾವು."

"ಹಂಗಾರ ಸಣ್ಣದ ಹಾಕು. ಒಂದ ದೀಪ. ಅವರು ಓದಾಕ ಕೂಡೂ ಕಟ್ಟಿ ಮ್ಯಾಲ."

"ಅದ ಚಲೋ ನೋಡ್ರಿ. ಮಳಿಗಾಲದಾಗ ಮೋಡ ಕವದ್ರೂ ಒಂದ ದೀಪಕ್ಕ ಬ್ಯಾಟರಿ ತಡೀತೈತಿ," ಎಂದ ಫಯಾಜ. ನಿತಿನ ಮುಖ ಊದಿಸಿಕೊಂಡು ಹೊಲಕ್ಕೆ ಹೋದ. ಹೊರಡುವಾಗ ಫಯಾಜ ಬಟ್ಟಿ ಇಳಿಸಿದ ನೀರಿನ ಬಾಟಲಿಯೊಂದನ್ನು ಕೊಟ್ಟು, ಬ್ಯಾಟರಿಯಲ್ಲಿ ನೀರು ಇಳಿದರೆ ಇದನ್ನೇ ಹಾಕಬೇಕು, ಬೇರೆಯದಲ್ಲ ಎಂದು ಹೇಳಿದ.

ಆ ಬೇಸಿಗೆಯಷ್ಟು ಸುಖ ಪದ್ಮವ್ವ ಉಂಡದ್ದಿಲ್ಲ. ವರ್ಧಮಾನ ಪುಸ್ತಕವನ್ನು ಮೂಗಿಗೆ ಹಿಡಿದು ಓದುವನು, ಅವಳು ಹತ್ತಿ ಬತ್ತಿ ಹೊಸೆಯುತ್ತ ಕೇಳುವಳು. ರಾಜ ಪಟ್ಟ ಬಿಟ್ಟು ಕಾಡಿಗೆ ಹೊರಟ ಕಡೆ ಇಬ್ಬರೂ ಕಣ್ಣೊರೆಸಿಕೊಂಡರು.

ಬ್ಯಾಟರಿಯ ನೀರು ಇಳಿಯಿತು. ಪದ್ಮವ್ವ ಬಾಟಲಿ ಹಿಡಿದು ನೋಡಿದಳು. ಯಾರು ತುಂಬಿದ್ದೋ, ಸೋಸಿದ್ದೋ ಇಲ್ಲವೋ! ಪುರಾಣ ಓದುವ ದೀಪಕ್ಕೆ ಅಂಗಡಿಯ ನೀರೇ? ಬಾವಿಯ ನೀರನ್ನು ಎರಡು ಪದರಿನ ಬಟ್ಟೆಯಲ್ಲಿ ಸೋಸಿ, ಕಾಯಿಸಿ, ಆರಿಸಿ, ದೇವರಿಗೆ ಎರೆದಷ್ಟು ಭಕ್ತಿಯಿಂದ ಎರೆದಳು. ಮುಂದೆಯೂ ಹಾಗೆಯೇ ಮಾಡಿದಳು.

ಮಳೆಗಾಲ ಹಿಡಿಯುವಷ್ಟರಲ್ಲಿ ದೀಪ ಮಂಕಾಯಿತು. ಆಮೇಲೆ ಹತ್ತಲೇ ಇಲ್ಲ. ಎರೆಮಣ್ಣಿನ ದಾರಿ ಕೆಸರಾಗಿ ಫಯಾಜನ ಗಾಡಿ ಬರುವಂತಿರಲಿಲ್ಲ. ಮಳೆ ನಿಂತ ಮೇಲೆ ಬಂದವನು ಬ್ಯಾಟರಿಯ ಬಿರಡೆ ತೆಗೆದು, ಸೋಸಿದ ಬಾವಿಯ ನೀರು ಎರೆದದ್ದನ್ನು ಅವಳಿಂದ ಕೇಳಿ ಹಣೆ ಬಡಿದುಕೊಂಡ.

"ಅವ್ವಾರ, ಸೋಸಿದ್ರ ಹುಳ ಹೋಗ್ತಾವು. ನೀರಾಗಿನ ಸವಳು, ಉಪ್ಪು ಎಲ್ಲಿ ಹೋಗ್ತೈತ್ರಿ?"

ಪದ್ಮವ್ವ ಮುಚ್ಚಳವನ್ನೇ ತೆರೆಯದ ಬಾಟಲಿಯನ್ನು ನೋಡಿದಳು. ಅಯ್ಯೋ, ತನ್ನ ಮಡಿಯೇ ತನ್ನ ದೀಪ ನುಂಗಿತೇ!

ಹೊಸ ಬ್ಯಾಟರಿ ಬರುವಷ್ಟರಲ್ಲಿ ವರ್ಧಮಾನನಿಗೆ ಹಗಲಲ್ಲಿ ಒಂದಿಷ್ಟು ಮಬ್ಬು ಬೆಳಕು ಕಾಣುತ್ತಿತ್ತು, ಅಷ್ಟೇ. ಬಿಳಿ ದೀಪ ಹತ್ತಿದರೆ ಅಕ್ಷರ ಕಂಡಾವು ಎಂದು ಇಬ್ಬರೂ ನಂಬಿದ್ದರು. ಫಯಾಜ ಬ್ಯಾಟರಿ ಕೂಡಿಸಿ ಹೋದ ಮರುದಿನ ಸಂಜೆ ಊಟ ಮುಗಿಸಿ ವರ್ಧಮಾನ ಕಟ್ಟೆಯ ಮೇಲೆ ಪುಸ್ತಕ ತೆರೆದು ಕೂತ. ಕತ್ತಲಾಯಿತು. ಪದ್ಮವ್ವ ಗುಂಡಿ ಒತ್ತಿದಳು. ಬೆಳಕು ಅವನ ಮುಖದ ತುಂಬ ಬಿತ್ತು.

ಅವನು ಹಾಳೆ ಸವರುತ್ತ ಕಾದ. "ಇನ್ನಾ ಹಚ್ಚಿಲ್ಲೇನ?"

ಪದ್ಮವ್ವ ಹತ್ತಿದ ದೀಪದತ್ತ ನೋಡಿದಳು. ಸುಳ್ಳಾಡಿ ಗೊತ್ತಿಲ್ಲದ ಹೆಂಗಸು ಅವಳು. "ಇಲ್ರಿ. ಮತ್ತ ಕೆಟ್ಟೈತಿ," ಎಂದಳು.

ಅಷ್ಟರಲ್ಲಿ ಹುಳವೊಂದು ಬಂದು ದೀಪದ ಗಾಜಿಗೆ ಟಪ್ಪನೆ ಬಡಿಯಿತು. ಹಿಂದೆಯೇ ಇನ್ನೊಂದು. ವರ್ಧಮಾನ ತಲೆಯೆತ್ತಿ ಆಲಿಸಿದ. ಪುಸ್ತಕ ಮುಚ್ಚಿ, ಹಣೆಗೊತ್ತಿಕೊಂಡು, ಅವಳ ಕಡೆ ಚಾಚಿದ.

"ಪದ್ಮಾ, ಹುಳ ಸಾಯಾಕತ್ತಿಲ್ಲಲಾ?"

"ಇಲ್ರಿ, ಒಂದೂ ಸತ್ತಿಲ್ಲ," ಎಂದು ಪದ್ಮವ್ವ ಪುಸ್ತಕವನ್ನು ಎದೆಗೊತ್ತಿಕೊಂಡು ಅತ್ತಳು.